13 ಅಡಿ ಟ್ರೇಲರ್‌ಗಾಗಿ ಮೂರು ತಿಂಗಳು

2023ರ ಫೆಬ್ರವರಿಯಲ್ಲಿ ಅಪ್ಪ ತಿಪಟೂರಿಂದ ಫೋನ್ ಮಾಡಿ, ಜೂನ್‌ನಲ್ಲಿ ಇಬ್ಬರೂ ಅಮೆರಿಕಕ್ಕೆ, ನಾವಿರುವ ಮಿನ್ನೆಸೋಟಾಕ್ಕೆ ಬರ್ತೀವಿ ಅಂದರು. ನನಗೆ ಮೊದಲು ನೆನಪಾಗಿದ್ದು ಅಮ್ಮನ ಮಂಡಿ. 2018ರಲ್ಲಿ ಬಂದಿದ್ದಾಗ ಇಬ್ಬರನ್ನೂ ಲೇಕ್ ಸುಪೀರಿಯರ್ ಅನ್ನುವ ದೊಡ್ಡ ಸರೋವರದ ದಡಕ್ಕೆ ಕರೆದುಕೊಂಡು ಹೋಗಿ ಟೆಂಟ್‌ನಲ್ಲಿ ಮಲಗಿಸಿದ್ದೆ. ಅಮ್ಮ ರಾತ್ರಿ ಮೂರು ಸಲ ಎದ್ದಳು. ಪ್ರತಿ ಸಲವೂ ನೆಲಕ್ಕೆ ಎರಡೂ ಕೈ ಊರಿ, ನನ್ನ ಭುಜ ಹಿಡಿದು, ಹಲ್ಲು ಕಚ್ಚಿಕೊಂಡು ಏಳಬೇಕಿತ್ತು. ಬೆಳಗ್ಗೆ ನೀರಿನ ಎದುರು ಬಂಡೆ ಮೇಲೆ ಕೂತು, "ಸಮುದ್ರದ ಥರಾನೇ ಇದೆ, ಉಪ್ಪಿನ ವಾಸನೆ ಮಾತ್ರ ಇಲ್ಲ ಅಲ್ವಾ" ಅಂದಳು. ಇನ್ನೊಂದು ದಿನ ಇರುವ ಆಸೆ ಅವಳ ಮುಖದಲ್ಲೇ ಕಾಣ್ತಿತ್ತು. ಆದರೆ ಇನ್ನೊಂದು ರಾತ್ರಿ ನೆಲದ ಮೇಲೆ ಮಲಗುವ ಶಕ್ತಿ ಇರಲಿಲ್ಲ. ವಾಪಸ್ ಬಂದೆವು.

ಅದು ನನ್ನನ್ನು ಐದು ವರ್ಷ ಕಾಡಿತ್ತು. ಈ ಸಲ ಅಮ್ಮನಿಗೆ ಮಂಚದಷ್ಟು ಎತ್ತರದ ಹಾಸಿಗೆ ಬೇಕು, ತಲೆ ಮೇಲೆ ಗಟ್ಟಿ ಸೂರು ಬೇಕು, ರಾತ್ರಿ ಎದ್ದರೆ ಎರಡು ಹೆಜ್ಜೆಯಲ್ಲಿ ಟಾಯ್ಲೆಟ್ ಸಿಗಬೇಕು ಅಂತ ನಿರ್ಧಾರ ಮಾಡಿದೆ. ಹೋಟೆಲ್ ಮಾಡೋಣ ಅಂತ ನನ್ನ ಗಂಡ ಹೇಳಿ ನೋಡಿದರು. ಅಮ್ಮನಿಗೆ ಬೇಕಾಗಿದ್ದು ನೀರಿನ ಸದ್ದು ಕೇಳುತ್ತಾ ನಿದ್ದೆ ಹೋಗುವುದು, ಕಣ್ಣು ಬಿಟ್ಟ ಕೂಡಲೇ ಅದೇ ನೀರು ನೋಡುವುದು. ಹೋಟೆಲಿನ ಮೂರನೇ ಮಹಡಿಯಲ್ಲಿ ಅದು ಆಗುವ ಮಾತಲ್ಲ. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೇ ಮಲಗಬಹುದಾದ ಟ್ರೇಲರ್ ಕೊಳ್ಳೋಣ ಅಂದೆ. ಹೊಸದಕ್ಕೆ ನಮ್ಮ ಹತ್ತಿರ ದುಡ್ಡಿರಲಿಲ್ಲ. ಹಾಗಾಗಿ ಹಳೇದು, ಚಿಕ್ಕದು, ಫೈಬರ್‌ಗ್ಲಾಸ್‌ದು. ಅಪ್ಪ ಅಮ್ಮ ಒಳಗೆ, ನಾವಿಬ್ಬರೂ ಮಗಳೂ ಪಕ್ಕದಲ್ಲೇ ಟೆಂಟ್‌ನಲ್ಲಿ.

ಫೈಬರ್‌ಗ್ಲಾಸೇ ಯಾಕೆ ಅಂತ ಸ್ವಲ್ಪ ಹೇಳಬೇಕು. ಇಲ್ಲಿನ ಸಾಮಾನ್ಯ ಟ್ರೇಲರ್‌ಗಳನ್ನು ಮರದ ಚೌಕಟ್ಟು ಕಟ್ಟಿ, ಅದಕ್ಕೆ ತಗಡೋ ಹಾಳೆಯೋ ಹೊದಿಸಿ ಮಾಡುತ್ತಾರೆ. ಮೂಲೆಮೂಲೆಗೂ ಜೋಡಣೆ. ಜೋಡಣೆ ಇದ್ದ ಕಡೆ ಇವತ್ತಲ್ಲ ನಾಳೆ ನೀರು ಇಳಿಯುತ್ತೆ. ಅಚ್ಚಿನಲ್ಲಿ ಮಾಡಿದ ಫೈಬರ್‌ಗ್ಲಾಸ್ ಟ್ರೇಲರ್ ಹಾಗಲ್ಲ. ಅದು ದೋಣಿ ಮಾಡುವ ರೀತಿ. ಮೇಲಿನ ಅರ್ಧ ಒಂದು ಚಿಪ್ಪು, ಕೆಳಗಿನ ಅರ್ಧ ಇನ್ನೊಂದು ಚಿಪ್ಪು. ಒಡೆದ ತೆಂಗಿನಕಾಯಿಯ ಎರಡು ಹೋಳನ್ನು ಮತ್ತೆ ಬಾಯಿಗೆ ಬಾಯಿ ಕೂಡಿಸಿದ ಹಾಗೆ ನಡುವಿನಲ್ಲಿ ಸೇರಿಸುತ್ತಾರೆ. ಸೂರಿನ ಮೇಲೆ ಜೋಡಣೆಯೇ ಇಲ್ಲ. ಈ ಆಲೋಚನೆ ಜನಪ್ರಿಯವಾಗಿದ್ದು ಕೆನಡಾದ ವಿನಿಪೆಗ್‌ನಿಂದ. ರೇ ಒಲೆಕೊ ಅನ್ನುವವರು ಮೊದಲು ಫೈಬರ್‌ಗ್ಲಾಸ್ ಸೆಪ್ಟಿಕ್ ಟ್ಯಾಂಕ್ ಕೆಲಸದಲ್ಲಿದ್ದರು. ಅದೇ ಕೈಚಳಕದಿಂದ 1968ರಲ್ಲಿ ಬೋಲರ್ ಅನ್ನುವ 13 ಅಡಿ ಟ್ರೇಲರ್ ತಂದರು. ಗುಂಡನೆ ಟೋಪಿಯಾದ ಬೌಲರ್ ಹ್ಯಾಟ್‌ನಿಂದ ಬಂದ ಹೆಸರು ಅದು. ಆಮೇಲೆ ನಮ್ಮ ಮಿನ್ನೆಸೋಟಾದ ಬ್ಯಾಕಸ್ ಅನ್ನುವ ಪುಟ್ಟ ಊರಿನಲ್ಲಿ ಸ್ಕ್ಯಾಂಪ್, ಟೆಕ್ಸಸ್‌ನಲ್ಲಿ ಕಸೀಟಾ ಅನ್ನುವ ಇಂಥದ್ದೇ ಟ್ರೇಲರ್ ಕಂಪನಿಗಳು ಶುರುವಾದವು. ಸ್ಕ್ಯಾಂಪ್ ನಮ್ಮ ರಾಜ್ಯದ್ದೇ ಆಗಿದ್ದರಿಂದ ಸುತ್ತಮುತ್ತ ಹಳೇವು ಸಿಗುತ್ತವೆ ಅನ್ನುವ ಧೈರ್ಯ ನನಗಿತ್ತು.

ಕಾರಿನ ಲೆಕ್ಕವೂ ಇತ್ತು. ನಮ್ಮದು ವಿ6 ಎಂಜಿನ್ನಿನ ಹೈಲ್ಯಾಂಡರ್. ಎಳೆಯುವ ಮಿತಿ 5000 ಪೌಂಡ್. 13 ಅಡಿಯದು ಸಾಮಾನು ತುಂಬಿದ ಮೇಲೂ 2000 ಪೌಂಡ್ ಆಸುಪಾಸು. ಆದರೆ ಮುಖ್ಯವಾದದ್ದು ಟ್ರೇಲರ್‌ನ ಮೂತಿ ಕಾರಿನ ಮೇಲೆ ಹೇರುವ ಭಾರ. ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟು ಅಲ್ಲಿ ಕೂರಬೇಕು. ಕಮ್ಮಿಯಾದರೆ ಟ್ರೇಲರ್ ಹೈವೇಯಲ್ಲಿ ಆ ಕಡೆ ಈ ಕಡೆ ಓಲಾಡಿ ಕಾರನ್ನೂ ಎಳೆದಾಡುತ್ತೆ. ಇದನ್ನ ಅಪ್ಪನಿಗೆ ಹೇಗಪ್ಪಾ ಹೇಳೋದು ಅಂದುಕೊಂಡಿದ್ದೆ. ನಾನು ಅರ್ಧ ಹೇಳುವಷ್ಟರಲ್ಲೇ, "ಹಿಂಭಾರ ಆಗಬಾರದು ಅನ್ನು. ಎತ್ತಿನ ಗಾಡೀಲಿ ಹಿಂಭಾರ ಆದ್ರೆ ಮೂಕಿ ಮೇಲೇಳುತ್ತೆ, ನೊಗ ಎತ್ತಿನ ಕೊರಳಿಗೆ ಬಿಗಿಯುತ್ತೆ" ಅಂದರು. ಅದೇ ಲೆಕ್ಕ.

ಮಾರ್ಚ್ ಮಧ್ಯದಲ್ಲಿ ಮೊದಲನೇ ಟ್ರೇಲರ್ ನೋಡಿದೆವು. 1980ರ ದಶಕದ್ದು. ಮನೆಯಿಂದ ಒಂದೂವರೆ ಗಂಟೆ ದೂರ. ಹೊರಗೆ ತಿಳಿ ಹಸಿರು ಬಣ್ಣ, ಒಳಗೆ ಹೊಸ ಕರ್ಟನ್, ದಿಂಬುಗಳು, ಸಣ್ಣ ದೀಪದ ಸರ. ಮಗಳು ಹತ್ತಿದವಳೇ ಮುಂದಿನ ಸೋಫಾ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. ನಾನು ಹಿಮ್ಮಡಿಯಿಂದ ನೆಲ ಒತ್ತಿ ಒತ್ತಿ ನೋಡಿದೆ. ಕಲ್ಲಿನಂತೆ ಗಟ್ಟಿ. ಇದೇ ನಮ್ಮದು ಅಂತ ಮನಸ್ಸು ಆಗಲೇ ತೀರ್ಮಾನ ಮಾಡಿತ್ತು. ಅಡ್ವಾನ್ಸ್ ಕೊಟ್ಟು ಬರೋಣ ಅಂತಲೂ ಅನ್ನಿಸಿತ್ತು.

ನಮ್ಮ ಬೀದಿಯಲ್ಲಿ ದೋಣಿ ಮತ್ತು ಟ್ರೇಲರ್ ರಿಪೇರಿ ಮಾಡಿ ರಿಟೈರ್ ಆದ ಹಿರಿಯರೊಬ್ಬರಿದ್ದಾರೆ. ಅವರಿಗೆ ಫೋಟೊ ತೋರಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಎಷ್ಟು ಚಳಿ ಇತ್ತು?" ಸೊನ್ನೆಗಿಂತ ಕೆಳಗೆ ಅಂದೆ. "ನೀರು ಕುಡಿದು ಕೊಳೆತ ಹಲಗೆಯೂ ಈ ಚಳಿಯಲ್ಲಿ ಹೆಪ್ಪುಗಟ್ಟಿ ಗಟ್ಟಿಯಾಗೇ ಇರುತ್ತೆ. ಹಿಮ ಕರಗಲಿ, ಆಮೇಲೆ ಇನ್ನೊಂದು ಸಲ ನೋಡು" ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಎಷ್ಟು ಋಣಿಯೋ ಹೇಳೋಕಾಗಲ್ಲ.

ಏಪ್ರಿಲ್ ಮೂರನೇ ವಾರ ಮತ್ತೆ ಹೋದೆವು. ಇನ್ನೂ ಮಾರಾಟ ಆಗಿರಲಿಲ್ಲ. ಬಾಗಿಲು ತೆಗೆದ ತಕ್ಷಣ ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಚಳಿಯಲ್ಲಿ ಅದೂ ಅಡಗಿತ್ತು. ಹಿಂದಿನ ಬೆಂಚಿನ ದಿಂಬು ಎತ್ತಿ, ಕೆಳಗಿನ ಡಬ್ಬದಂತಹ ಜಾಗಕ್ಕೆ ತಲೆ ಹಾಕಿ ಟಾರ್ಚ್ ಬಿಟ್ಟೆ. ಚಕ್ರದ ಉಬ್ಬು ನೆಲಕ್ಕೆ ಸೇರುವ ಮೂಲೆಯಲ್ಲಿ ಹಲಗೆ ಕಪ್ಪಾಗಿತ್ತು. ಮಾಲೀಕರನ್ನು ಕೇಳಿ, ಸ್ಕ್ರೂಡ್ರೈವರ್ ತುದಿ ಅಲ್ಲಿಟ್ಟು ಮೆಲ್ಲಗೆ ಒತ್ತಿದೆ. ಒತ್ತಿದೆ ಅನ್ನುವುದೂ ಜಾಸ್ತಿ. ಕೈ ಭಾರಕ್ಕೇ ಹಿಡಿಯವರೆಗೂ ಇಳಿದುಹೋಯಿತು. ಎಳೆದರೆ ತುದಿಗೆ ನೆನೆದ ಬೂಸಾದಂತಹ ಕಪ್ಪು ಪುಡಿ. ಹಲಗೆ ಪೂರ್ತಿ ಲಡ್ಡಾಗಿತ್ತು. ಇಷ್ಟು ದಿನ ಮೇಲೆ ಹಾಸಿದ ಹೊಸ ವಿನೈಲ್ ಶೀಟು ಅದನ್ನು ಮುಚ್ಚಿತ್ತು.

ಇಂತಹ ಟ್ರೇಲರ್‌ನ ಗುಟ್ಟು ಇದೇ. ಚಿಪ್ಪು 40, 50 ವರ್ಷ ಬಾಳುತ್ತೆ. ಆದರೆ ನೆಲ ಮಾತ್ರ ಮರದ ಹಲಗೆ. ಕಪಾಟುಗಳನ್ನು ಚಿಪ್ಪಿಗೆ ಹಿಡಿದಿಡಲು ಹೊರಗಿನಿಂದ ರಿವೆಟ್ ಅನ್ನುವ ಲೋಹದ ಮೊಳೆ ಹೊಡೆದಿರುತ್ತಾರೆ. ರಿವೆಟ್ ಮೇಲಿನ ಪ್ಲಾಸ್ಟಿಕ್ ಟೋಪಿ ಒಡೆದರೆ, ಕಿಟಕಿ ಸುತ್ತಲಿನ ಅಂಟು ಒಣಗಿದರೆ, ನೀರು ಗೋಡೆಯ ಒಳಹೊದಿಕೆಯ ಹಿಂದಿನಿಂದ ಯಾರಿಗೂ ಕಾಣದ ಹಾಗೆ ಜಾರಿ ನೆಲದ ಅಂಚಿಗೆ ಬಂದು ಕೂರುತ್ತೆ. ನೆಲದ ನಡುಭಾಗ ಚೆನ್ನಾಗೇ ಇರುತ್ತೆ. ನೋಡಬೇಕಾದ್ದು ಅಂಚು, ಮೂಲೆ, ಬೆಂಚಿನ ಕೆಳಗೆ.

ಆ ಟ್ರೇಲರ್‌ನಲ್ಲಿ ಇನ್ನೊಂದು ತಪ್ಪೂ ಇತ್ತು. ಜಾಗ ಜಾಸ್ತಿ ಕಾಣಲಿ ಅಂತ ಬಾಗಿಲ ಪಕ್ಕದ ಎತ್ತರದ ಕಪಾಟನ್ನು ಕಿತ್ತುಹಾಕಿದ್ದರು. ಆ ಕಪಾಟು ಬರೀ ಬಟ್ಟೆ ಇಡೋಕಲ್ಲ, ಸೂರಿಗೆ ಅದೇ ಕಂಬ. ಕಂಬ ತೆಗೆದ ಮೇಲೆ ಸೂರು ಕುಸಿದು, ಚಿಪ್ಪಿನ ಬಾಗು ಬದಲಾಗಿ, ಬಾಗಿಲ ಮೇಲ್ಗಡೆ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಮಾಲೀಕರು ಒಳ್ಳೆಯವರೇ. ತಾವು ಕೊಂಡಾಗ ಇದೆಲ್ಲ ಗೊತ್ತಿರಲಿಲ್ಲ ಅಂದರು. ನಾನು ನಂಬಿದೆ. ಮಗಳು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆಮೇಲಿನ ಎರಡು ವಾರ ಬೇಗ ಹೇಳಿಬಿಡುತ್ತೇನೆ. ಒಬ್ಬ ಡೀಲರ್ ಹತ್ತಿರ "ಫೈಬರ್‌ಗ್ಲಾಸ್ ಟ್ರೇಲರ್" ನೋಡಲು ಹೋದರೆ, ಅದು ಪ್ಲೈವುಡ್‌ಗೆ ತೆಳ್ಳನೆ ಫೈಬರ್ ಹಾಳೆ ಅಂಟಿಸಿದ್ದು. ಪಕ್ಕದ ಗೋಡೆಯಲ್ಲಿ ಪೂರಿಯಂತೆ ಉಬ್ಬು ಬಂದಿತ್ತು. ಜಾಹೀರಾತಿನಲ್ಲಿ ಫೈಬರ್‌ಗ್ಲಾಸ್ ಅಂತ ಇದ್ದರೆ ಸಾಲದು. ಅಚ್ಚಿನದಾ, ಅಂಟಿಸಿದ್ದಾ ಅಂತ ಫೋನ್‌ನಲ್ಲೇ ಕೇಳಬೇಕು. ಇನ್ನೊಂದು ಆನ್‌ಲೈನ್ ಜಾಹೀರಾತಿನಲ್ಲಿ ಬೆಲೆ ಅರ್ಧಕ್ಕೂ ಕಮ್ಮಿ. ಮಾಲೀಕರು ದೂರದ ಊರಲ್ಲಿದ್ದಾರಂತೆ, ದುಡ್ಡು ಮೊದಲು ಕಳಿಸಿದರೆ ಟ್ರೇಲರ್ ಮನೆಗೇ ಬರುತ್ತಂತೆ. ನಾನು ಬಂದು ಕಣ್ಣಾರೆ ನೋಡ್ತೀನಿ ಅಂದ ಮೇಲೆ ಉತ್ತರವೇ ಬರಲಿಲ್ಲ. ಮೂರನೆಯದು ನಿಜಕ್ಕೂ ಚೆನ್ನಾಗಿತ್ತು. ಆದರೆ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಮಾರುವವರ ಹೆಸರಲ್ಲಿರಲಿಲ್ಲ. ತೀರಿಕೊಂಡ ತಂದೆಯ ಹೆಸರಲ್ಲಿತ್ತು, ಇನ್ನೊಬ್ಬ ಅಣ್ಣ ಇದ್ದ. ಪಹಣಿ ಯಾರ ಹೆಸರಲ್ಲಿದೆ ಅಂತ ನೋಡದೆ ನಮ್ಮೂರಲ್ಲಿ ಯಾರಾದರೂ ಜಮೀನು ಕೊಳ್ತಾರಾ? ಬಿಟ್ಟು ಬಂದೆವು.

ಮೇ ಎರಡನೇ ವಾರ ಬ್ರೈನರ್ಡ್ ಹತ್ತಿರ ಒಂದು ಬಂತು. 1996ರ ಸ್ಕ್ಯಾಂಪ್, 13 ಅಡಿ. ಬೆಲೆ 9000 ಡಾಲರ್. ಮಾರುತ್ತಿದ್ದವರು ರಿಟೈರ್ ಆದ ಟೀಚರ್ ಒಬ್ಬರು. ಭುಜದ ಆಪರೇಷನ್ ಆದ ಮೇಲೆ ಒಬ್ಬರೇ ಟ್ರೇಲರನ್ನ ಕಾರಿಗೆ ಸಿಕ್ಕಿಸೋಕೆ ಆಗ್ತಿಲ್ಲ ಅಂದರು. ನಾನು ಫೋನ್‌ನಲ್ಲೇ ಒಂದು ಮಾತು ಕೇಳಿಕೊಂಡೆ. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಗ್ಯಾಸ್ ಮೇಲೆ ಹಾಕಿಡಿ ಅಂತ. ಇವುಗಳ ಫ್ರಿಜ್ ತಣ್ಣಗಾಗೋಕೆ ತುಂಬಾ ಗಂಟೆ ಬೇಕು. ನಾವು ಹೋದ ಮೇಲೆ ಹಾಕಿದರೆ ಏನೂ ತಿಳಿಯಲ್ಲ. ಅವರು ಸಂತೋಷದಿಂದ ಒಪ್ಪಿದರು. ಅಲ್ಲೇ ನನಗೆ ಅರ್ಧ ಸಮಾಧಾನ ಆಯಿತು.

ಹೋದ ಕೂಡಲೇ ಅವರು ಒಂದು ನೋಟ್‌ಬುಕ್ ಕೈಗಿಟ್ಟರು. ನೀಲಿ ರಟ್ಟಿನ, ಮೂಲೆ ಸವೆದ ಪುಸ್ತಕ. ಪ್ರತಿ ವರ್ಷ ಬೇರಿಂಗ್‌ಗೆ ಗ್ರೀಸ್ ತುಂಬಿಸಿದ ದಿನ, ಚಳಿಗಾಲಕ್ಕೆ ಮುಂಚೆ ನೀರಿನ ಪೈಪು ಖಾಲಿ ಮಾಡಿ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಿದ ದಿನ, ಬದಲಾಯಿಸಿದ ಪ್ರತಿ ರಿವೆಟ್. ಪುಟದಂಚಿನಲ್ಲಿ ಆ ವರ್ಷ ಹೋದ ಕೆರೆಗಳ ಹೆಸರು. ನಮ್ಮಜ್ಜಿ ಹಾಲಿನ ಲೆಕ್ಕ ಬರೆದಿಡುತ್ತಿದ್ದ ಅಕ್ಷರದ ಹಾಗೆ ಸಣ್ಣಗೆ, ಒತ್ತಾಗಿ.

ಆದರೂ ನೋಡುವುದನ್ನೆಲ್ಲ ನೋಡಿದೆವು. ಅಪ್ಪ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತಿನ ಮೈ ಎಷ್ಟೇ ಹೊಳೆಯಲಿ, ಬಾಯಿ ತೆಗೆಸಿ ಹಲ್ಲು ಎಣಿಸದೆ ಟವೆಲ್ ಕೆಳಗೆ ಕೈ ಕೊಡುತ್ತಿರಲಿಲ್ಲ. ಟಯರ್‌ಗೂ ಹಲ್ಲಿದೆ. ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. ಇಲ್ಲಿ 2314 ಅಂತಿತ್ತು. ಅಂದರೆ 2014ರ 23ನೇ ವಾರ ತಯಾರಾಗಿದ್ದು. ಒಂಬತ್ತು ವರ್ಷ. ಮೇಲಿನ ಗೆರೆ ಹೊಸದರ ಹಾಗೇ ಇತ್ತು. ಆದರೆ ಟ್ರೇಲರ್ ಟಯರ್ ಓಡಿ ಸವೆಯುವುದಕ್ಕಿಂತ ನಿಂತು ಮುದಿಯಾಗುವುದೇ ಹೆಚ್ಚು. ಐದಾರು ವರ್ಷಕ್ಕೆ ಬದಲಾಯಿಸಲೇಬೇಕು. ಬರೆದುಕೊಂಡೆ.

ಆಮೇಲೆ ಹುಲ್ಲಿನ ಮೇಲೆ ಟಾರ್ಪಾಲ್ ಹಾಸಿ ಕೆಳಗೆ ತೂರಿದೆ. ಗಂಡ ಟಾರ್ಚ್ ಹಿಡಿದರು. ಈ ಟ್ರೇಲರ್‌ಗೆ ಪಟ್ಟೆ ಸ್ಪ್ರಿಂಗ್ ಇರಲ್ಲ. ಚೌಕದ ಕೊಳವೆಯೊಳಗೆ ರಬ್ಬರ್ ತುಂಬಿದ ಆಕ್ಸಲ್. ಚಕ್ರ ಕುಲುಕಿದರೆ ಒಳಗಿನ ರಬ್ಬರ್ ಹಿಸುಕಿಕೊಂಡು ಏಟು ತಡೆಯುತ್ತೆ. ವರ್ಷಗಳಾದಂತೆ ರಬ್ಬರ್ ಗಟ್ಟಿಯಾಗುತ್ತೆ. ಆಗ ಪ್ರತಿ ಗುಂಡಿಯ ಏಟೂ ನೇರ ಚಿಪ್ಪಿಗೆ, ರಿವೆಟ್‌ಗೆ ಬೀಳುತ್ತೆ. ತಿಳಿಯೋದು ಹೇಗೆ ಅಂದರೆ, ಚಕ್ರ ಹಿಡಿದ ತೋಳು ಖಾಲಿ ಟ್ರೇಲರ್‌ನಲ್ಲಿ ಕೆಳಮುಖವಾಗಿ ಇಳಿದಿರಬೇಕು. ನೆಲಕ್ಕೆ ಸಮನಾಗಿದ್ದರೆ, ಮೇಲಕ್ಕೆ ತಿರುಗಿದ್ದರೆ, ಆಕ್ಸಲ್ ಕಥೆ ಮುಗಿದ ಹಾಗೆ. ಇಲ್ಲಿ ತೋಳು ಚೆನ್ನಾಗಿ ಕೆಳಗಿಳಿದಿತ್ತು. ನೋಟ್‌ಬುಕ್ಕಿನಲ್ಲಿ ಹುಡುಕಿದರೆ 2015ರಲ್ಲಿ ಹೊಸ ಆಕ್ಸಲ್ ಹಾಕಿಸಿದ್ದರು, ಕರೆಂಟ್ ಬ್ರೇಕ್ ಸಮೇತ. ಮೂತಿಯ ಕಬ್ಬಿಣ ಒಡಲಿನ ಕೆಳಗೆ ಸೇರುವಲ್ಲಿ ಬಿರುಕಿದೆಯಾ ಅಂತ ಬೆರಳಾಡಿಸಿ ನೋಡಿದೆ. ಕೂದಲೆಳೆಯಷ್ಟು ತುಕ್ಕಿನ ಗೆರೆ ಕಂಡರೂ ಅನುಮಾನ ಪಡಬೇಕು ಅಂತ ಬೀದಿಯ ಹಿರಿಯರು ಹೇಳಿಕೊಟ್ಟಿದ್ದರು. ಗೆರೆ ಇರಲಿಲ್ಲ. ನೆಲದ ನಾಲ್ಕೂ ಮೂಲೆಗೆ ಸ್ಕ್ರೂಡ್ರೈವರ್ ಇಟ್ಟೆ. ಎಲ್ಲೂ ಇಳಿಯಲಿಲ್ಲ. ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಿದೆವು. ಗುಳ್ಳೆ ಏಳಲಿಲ್ಲ. ಫ್ರಿಜ್ಜಿನೊಳಗೆ ಅವರಿಟ್ಟಿದ್ದ ನೀರಿನ ಬಾಟಲಿ ಚಳಕ್ಕನೆ ತಣ್ಣಗಿತ್ತು.

ಕೊನೆಗೆ ನಾನು ಸಂಕೋಚದಿಂದ, ಸ್ವಲ್ಪ ನೀರು ಹೊಡೆದು ನೋಡಬಹುದಾ ಅಂತ ಕೇಳಿದೆ. ಅವರೇ ಹೋಗಿ ತೋಟದ ಪೈಪು ಎಳೆದುಕೊಂಡು ಬಂದರು. ನಾನು ಒಳಗೆ ಬಾಗಿಲು ಹಾಕಿಕೊಂಡು ಕೂತೆ. ಹೊರಗಿಂದ ಕಿಟಕಿ ಕಿಟಕಿಗೂ, ಸೂರಿನ ಮೇಲೂ ನೀರು. ಹೆಂಚಿನ ಮನೆ ಮೇಲೆ ಮುಂಗಾರು ಬಿದ್ದ ಸದ್ದಿಗಿಂತ ತೆಳುವಾದ, ತಮಟೆಯಂತಹ ಸದ್ದು. ಕೈಯಲ್ಲಿ ಟಿಶ್ಯೂ ಪೇಪರ್ ಹಿಡಿದು ಪ್ರತಿ ಕಿಟಕಿಯ ಕೆಳ ಅಂಚು, ಪ್ರತಿ ರಿವೆಟ್ ಸವರುತ್ತಾ ಹೋದೆ. ಒಣಗಿತ್ತು, ಒಣಗಿತ್ತು, ಒಣಗಿತ್ತು. ಸೂರಿನ ಫ್ಯಾನ್ ಕಿಂಡಿಯ ಹಿಂದಿನ ಮೂಲೆಗೆ ಬಂದಾಗ ಪೇಪರ್ ಒದ್ದೆಯಾಯಿತು. ಹತ್ತು ನಿಮಿಷಕ್ಕೆ ಒಂದು ಹನಿ ಕೂಡಿಕೊಂಡು ನನ್ನ ಮಣಿಕಟ್ಟಿನ ಮೇಲೆ ಬಿತ್ತು.

ಹೊರಗೆ ಬಂದು ತೋರಿಸಿದೆ. ಅವರು ಪೇಪರ್ ಕೈಯಲ್ಲಿ ಹಿಡಿದು ನೋಡಿ, "ಇದು ನನಗೆ ಗೊತ್ತೇ ಇರಲಿಲ್ಲ, ಗೊತ್ತಾಗಿದ್ದು ಒಳ್ಳೇದಾಯ್ತು" ಅಂದರು. ಕಿಂಡಿ ತೆಗೆದು ನೀರು ತಡೆಯುವ ಹೊಸ ಬ್ಯೂಟೈಲ್ ಟೇಪ್ ಹಾಕಿ ಕೂರಿಸಿದರೆ ಸರಿಹೋಗುವ ಕೆಲಸ ಅದು. ಎರಡು ಟಯರ್, ಒಂದು ಕಿಂಡಿ. ನಾನು 8200 ಅಂದೆ. ಅವರು ಒಂದು ಕ್ಷಣ ಟ್ರೇಲರ್ ಕಡೆ ನೋಡಿದರು. "ಯಾರು ಮಲಗ್ತಾರೆ ಇದರಲ್ಲಿ?" ಅಂತ ಕೇಳಿದರು. ನಮ್ಮಮ್ಮ ಅಂದೆ. ಮಂಡಿಯ ವಿಷಯವನ್ನೂ ಹೇಳಿದೆ. ಅವರು ಒಳಗೆ ಹೋಗಿ, ಬಾಗಿಲ ಮುಂದೆ ಇಡುವ ಅಗಲದ ಮೆಟ್ಟಿಲು ಪೆಟ್ಟಿಗೆಯೊಂದನ್ನು ತಂದುಕೊಟ್ಟರು. 8200ಕ್ಕೆ ಒಪ್ಪಿದರು. ಟೈಟಲ್ ಅವರದ್ದೇ ಹೆಸರಲ್ಲಿತ್ತು. ಮೂತಿಯ ಮೇಲಿನ ನಂಬರನ್ನು ಕಾಗದದ ಜೊತೆ ಒಂದೊಂದೇ ಅಕ್ಷರ ತಾಳೆ ನೋಡಿ ಸಹಿ ಮಾಡಿದೆವು.

ಬೀದಿಯ ಹಿರಿಯರು ಹಿಂದಿನ ವಾರವೇ ಕಾರಿಗೆ, ಟ್ರೇಲರ್‌ನ ಬ್ರೇಕ್ ಕಾರಿನಿಂದಲೇ ಹಿಡಿಯುವ ಬ್ರೇಕ್ ಕಂಟ್ರೋಲರ್ ಮತ್ತು ಏಳು ಪಿನ್ನಿನ ಸಾಕೆಟ್ ಹಾಕಿಕೊಟ್ಟಿದ್ದರು. ಕಾರಿನ ಹಿಂದಿನ ಎರಡು ಅಂಗುಲದ ಬಾಲ್ ಮೇಲೆ ಮೂತಿ ಕೂರಿಸಿ, ಸರಪಳಿಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಸಿಕ್ಕಿಸಿ, ಲೈಟೆಲ್ಲ ನೋಡಿ ಹೊರಟೆವು. ಟಯರ್ ಹಳೇದಾದ್ದರಿಂದ ಹೈವೇಗೆ ಹೋಗದೆ ಮೊದಲು ಬ್ರೈನರ್ಡ್‌ನಲ್ಲೇ ನಿಂತು ಎರಡೂ ಹೊಸದು ಹಾಕಿಸಿದೆವು. ಅಲ್ಲಿಂದ 371ನೇ ಹೈವೇಯಲ್ಲಿ ದಕ್ಷಿಣಕ್ಕೆ. ಗಂಟೆಗೆ 55 ಮೈಲಿಗಿಂತ ಮೇಲೆ ಹೋಗಲಿಲ್ಲ. ಲಿಟಲ್ ಫಾಲ್ಸ್‌ನಲ್ಲಿ ನಿಲ್ಲಿಸಿ, ಇಳಿದು ಚಕ್ರದ ನಡುವಿನ ಗುಬ್ಬದ ಮೇಲೆ ಅಂಗೈ ಇಟ್ಟೆ. ಬೇರಿಂಗ್ ಕೆಟ್ಟಿದ್ದರೆ ಅಲ್ಲಿ ಕೈ ಇಡೋಕಾಗಲ್ಲ. ಹೆಪ್ಪು ಹಾಕೋ ಹಾಲಿನಷ್ಟು ಬೆಚ್ಚಗಿತ್ತು, ಅಷ್ಟೇ. ಇನ್ನೊಂದು ಚಕ್ರವೂ ಹಾಗೇ.

ಕಿಂಡಿಯನ್ನು ನಾನೇ ಬಿಚ್ಚಿ, ಹಳೇ ಅಂಟನ್ನೆಲ್ಲ ಕೆರೆದು, ಹೊಸ ಟೇಪ್ ಹಾಕಿದೆ. ಒಂದು ಇಡೀ ಶನಿವಾರ ಹಿಡಿಯಿತು. ಮೂರು ಸಲ ಪೈಪು ಹಿಡಿದು ನೋಡಿದೆ.

ಜೂನ್ ಕೊನೆಗೆ ಲೇಕ್ ಸುಪೀರಿಯರ್ ದಡದ ಗೂಸ್‌ಬೆರಿ ಫಾಲ್ಸ್ ಸ್ಟೇಟ್ ಪಾರ್ಕಿಗೆ ಹೋದೆವು. ಅಪ್ಪ ಟ್ರೇಲರ್ ಸುತ್ತ ಒಂದು ಸುತ್ತು ಬಂದು, ಕಾಯಿ ಕೊಳ್ಳುವಾಗ ಮಾಡುವ ಹಾಗೆ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು ಕಿವಿಗೊಟ್ಟರು. ಅಮ್ಮ ಮೆಟ್ಟಿಲು ಪೆಟ್ಟಿಗೆ ಮೇಲೆ ಕಾಲಿಟ್ಟು, ಬಾಗಿಲ ಹಿಡಿ ಹಿಡಿದು, ಯಾರ ಭುಜವೂ ಇಲ್ಲದೆ ಒಳಗೆ ಹತ್ತಿದಳು. ಸಣ್ಣ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದಳು.

ಆ ರಾತ್ರಿ ಎರಡು ಗಂಟೆಗೆ ಜೋರು ಮಳೆ. ನಾನು ಟೆಂಟ್‌ನಿಂದ ಎದ್ದು, ಟಾರ್ಚ್ ಹಿಡಿದು ಟ್ರೇಲರ್ ಹತ್ತಿರ ಓಡಿದೆ. ಕಿಂಡಿಯ ಆ ಮೂಲೆಯೇ ತಲೆಯಲ್ಲಿ. ಬೆಳಕು ಕಂಡು ಅಮ್ಮ ಒಳಗಿನಿಂದ ಕಿಟಕಿಯ ಕರ್ಟನ್ ಸರಿಸಿದಳು. ಗಾಜನ್ನು ಒಂದಿಂಚು ತೆಗೆದಳು.

"ಒಂದ್ ಹನೀನೂ ಬಿದ್ದಿಲ್ಲ ಕಣೇ. ನೀನ್ಯಾಕೆ ನೆನೀತಿದೀಯ, ಹೋಗಿ ಮಲಕ್ಕೋ" ಅಂದಳು.